ಬಸ್ರಾದ ವೈಯಾಕರಣ ಸೀಬವೈಹಿ

ಅರಬ್ಬೀ ಭಾಷೆಗೆ ಸಾವಿರದ ಇನ್ನೂರು ವರ್ಷಗಳಿಂದ ಪ್ರಮಾಣವಾಗಿ ನಿಂತಿರುವ ಮಹಾವ್ಯಾಕರಣವನ್ನು ರಚಿಸಿದವನು ಅರಬನಲ್ಲ, ಪಾರಸಿಕ. ಅಮ್ರ್ ಇಬ್ನ್ ಉಸ್ಮಾನ್ ಎಂಬುದು ಆತನ ಹೆಸರು. ಲೋಕವು ಬಲ್ಲದ್ದು ಸೀಬವೈಹಿ ಎಂಬ ಅಡ್ಡಹೆಸರಿನಿಂದ. ಪಾರಸಿ ಭಾಷೆಯಲ್ಲಿ ಅದಕ್ಕೆ ಸೇಬಿನ ಪರಿಮಳವೆಂದು ಅರ್ಥ ಹೇಳುವ ವಾಡಿಕೆಯುಂಟು. ಆ ವ್ಯುತ್ಪತ್ತಿಯನ್ನು ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲವಾದರೂ ಬಿಟ್ಟುಬಿಡಲು ಮನಸ್ಸಾಗುವುದಿಲ್ಲ.

ಶೀರಾಜ್ ನಗರದ ಬಳಿಯ ಅಲ್-ಬೈದಾ ಎಂಬ ಊರಿನಲ್ಲಿ, ಸುಮಾರು 760ರಲ್ಲಿ, ಆತನು ಹುಟ್ಟಿದನು. ಎಳೆಯ ವಯಸ್ಸಿನಲ್ಲಿಯೇ ವಿದ್ಯಾರ್ಥಿಯಾಗಿ ಬಸ್ರಾಕ್ಕೆ ಬಂದನು. ಮರುಭೂಮಿಯ ಅಂಚಿನಲ್ಲಿದ್ದ ಆ ಪಟ್ಟಣಕ್ಕೆ ಒಂಟೆಗಳೊಡನೆ ಬರುತ್ತಿದ್ದ ಬೆದುವಿನರ ಬಾಯಿಂದ ಶುದ್ಧ ಅರಬ್ಬಿಯನ್ನು ಕೇಳಿ ಬರೆದುಕೊಳ್ಳುವುದೇ ಅಲ್ಲಿನ ಪಂಡಿತರ ವ್ರತವಾಗಿತ್ತು. ಸೀಬವೈಹಿಯಾದರೋ ಬಂದದ್ದು ವ್ಯಾಕರಣಕ್ಕಲ್ಲ, ಧರ್ಮಶಾಸ್ತ್ರಕ್ಕೆ. ಹಮ್ಮಾದ್ ಎಂಬ ಗುರುವಿನ ಮುಂದೆ ಪ್ರವಾದಿವಚನವೊಂದನ್ನು ಒಪ್ಪಿಸುವಾಗ, ದ್ವಿತೀಯಾ ವಿಭಕ್ತಿಯಲ್ಲಿರಬೇಕಾದ ಒಂದು ಹೆಸರನ್ನು ಪ್ರಥಮಾ ವಿಭಕ್ತಿಯಲ್ಲಿ ನುಡಿದುಬಿಟ್ಟನಂತೆ. ಗುರು ಎಲ್ಲರೆದುರಿಗೆ ತಿದ್ದಿದನು. ಇನ್ನು ಮುಂದೆ ಯಾರೂ ತನ್ನನ್ನು ತಿದ್ದಲಾಗದಂತಹ ವಿದ್ಯೆಯನ್ನೇ ಕಲಿಯುವೆನೆಂದು ಪಣತೊಟ್ಟು ಆತನು ಅಲ್ಲಿಂದೆದ್ದನೆಂದು ಚರಿತ್ರಕಾರರು ಹೇಳುತ್ತಾರೆ. ಕಥೆ ತುಸು ಅಂದವಾಗಿಯೇ ಇದೆ. ಆದರೆ ಪದಾಂತದ ಒಂದು ಸ್ವರಕ್ಕಾಗಿ ಬಾಳಿನ ದಾರಿಯನ್ನೇ ಬದಲಿಸಿದವನ ಬಗ್ಗೆ ಹೀಗಲ್ಲದೆ ಇನ್ನು ಹೇಗೆ ಕಥೆ ಹುಟ್ಟೀತು?

ಆತನಿಗೆ ದೊರೆತ ಗುರು ಖಲೀಲ್. ಅರಬ್ಬೀ ಛಂದಸ್ಸಿನ ಲಕ್ಷಣವನ್ನು ಮೊದಲು ನಿರೂಪಿಸಿದವನೂ, ವರ್ಣಗಳನ್ನು ಕಂಠದಿಂದ ತುಟಿಯವರೆಗೆ ಉಚ್ಚಾರಣಸ್ಥಾನದ ಕ್ರಮದಲ್ಲಿ ಜೋಡಿಸಿ ಮೊದಲ ನಿಘಂಟನ್ನು ಯೋಜಿಸಿದವನೂ ಅವನೇ. ನಮ್ಮ ವರ್ಣಮಾಲೆಯನ್ನು ನೆನಪಿಗೆ ತರುವ ಈ ಕ್ರಮವು ಭಾರತದಿಂದ ಹೋದದ್ದಿರಬಹುದೇ ಎಂದು ಕೆಲವರು ಶಂಕಿಸಿದ್ದುಂಟು, ಸಿದ್ಧಪಡಿಸಿದವರಿಲ್ಲ. ಗುರುವಿನ ಅಭಿಪ್ರಾಯಗಳನ್ನು ಶಿಷ್ಯನು ತನ್ನ ಗ್ರಂಥದಲ್ಲಿ ನೂರಾರು ಕಡೆ ಹೆಸರಿಟ್ಟು ಹೇಳುತ್ತಾನೆ. ಒಪ್ಪಿಗೆಯಾಗದ ಕಡೆ ಹಾಗೆಂದೂ ಹೇಳುತ್ತಾನೆ.

ಆ ಗ್ರಂಥದ ಬಗೆಯನ್ನರಿಯಲು ಒಂದೇ ಪ್ರಕರಣ ಸಾಕು: ವರ್ತಮಾನ ಕ್ರಿಯಾಪದದ ಪ್ರಕರಣ. ವಿಭಕ್ತಿಯೆಂಬುದು ನಾಮಪದಕ್ಕೆ ಸೇರಿದ್ದು, ಕ್ರಿಯಾಪದಕ್ಕೆ ಅದರ ಸೋಂಕಿಲ್ಲವೆಂಬುದು ಸಂಸ್ಕೃತ ಕನ್ನಡಗಳನ್ನು ಓದಿದ ನಮಗೆ ರೂಢಿಯಾದ ತಿಳಿವಳಿಕೆ. ಅರಬ್ಬಿಯಲ್ಲಿ ಹಾಗಲ್ಲ. ಬರೆಯುವವನು ಎಂಬ ನಾಮಪದವು ಅಲ್-ಕಾತಿಬು, ಅಲ್-ಕಾತಿಬ, ಅಲ್-ಕಾತಿಬಿ ಎಂದು ಕೊನೆಯ ಸ್ವರವನ್ನು ಬದಲಿಸುವಂತೆಯೇ, ಬರೆಯುತ್ತಾನೆ ಎಂಬ ಕ್ರಿಯಾಪದವೂ ಬದಲಿಸುತ್ತದೆ. ಸುಮ್ಮನೆ ನಿಂತಾಗ ಯಕ್ತುಬು. ಮುಂದೆ ಆಗದೆಂದು ನಿಷೇಧಿಸುವ ಲನ್ ಎಂಬ ಅವ್ಯಯ ಮೊದಲು ಬಂದರೆ ಯಕ್ತುಬ. ಹಿಂದೆ ಆಗಲಿಲ್ಲವೆನ್ನುವ ಲಮ್ ಬಂದರೆ ಸ್ವರವೇ ಕಳಚಿ ಯಕ್ತುಬ್. ಮೊದಲೆರಡು ನಾಮಪದದ ಸ್ವರಗಳೇ. ಮೂರನೆಯದು ಮಾತ್ರ ಬೇರೆ: ನಾಮಕ್ಕೆ ಇಕಾರವಿರುವ ಸ್ಥಾನದಲ್ಲಿ ಕ್ರಿಯೆಗೆ ಸ್ವರಲೋಪ. ಭೂತಕಾಲದ ಕ್ರಿಯೆಗೆ ಈ ವ್ಯತ್ಯಾಸಗಳೊಂದೂ ಇಲ್ಲ. ಯಾವ ಅವ್ಯಯ ಬಂದರೂ ಅದು ತನ್ನ ಕೊನೆಯನ್ನು ಕದಲಿಸದು.

ಕ್ರಿಯೆಗಳಲ್ಲಿ ಇದೊಂದಕ್ಕೆ ಮಾತ್ರ ನಾಮಪದದ ಭಾಗ್ಯವೇಕೆ? ರೂಪಗಳನ್ನು ಪಟ್ಟಿಮಾಡಿ ಮುಗಿಸುವ ವೈಯಾಕರಣನಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ. ಸೀಬವೈಹಿಯ ಉತ್ತರ ಸಾದೃಶ್ಯವೆಂಬುದು. ಬರೆಯುತ್ತಾನೆ ಎಂಬಲ್ಲಿ ಬರೆಯುವವನು ಎಂಬ ಕೃದಂತವನ್ನಿಟ್ಟರೂ ಅರ್ಥ ಕೆಡದು. ಮಾತಿಗೆ ಒತ್ತು ಕೊಡುವ ಲಕಾರವು ಇನ್ನ ಎಂಬ ಅವ್ಯಯದಿಂದ ಮೊದಲಾಗುವ ವಾಕ್ಯದಲ್ಲಿ ಕೃದಂತಕ್ಕೂ ಈ ಕ್ರಿಯೆಗೂ ಹತ್ತುತ್ತದೆ, ಭೂತಕ್ರಿಯೆಗೆ ಹತ್ತದು. ಅಲ್ ಎಂಬ ಉಪಪದವು ಸಾಮಾನ್ಯ ನಾಮವನ್ನು ನಿರ್ದಿಷ್ಟಗೊಳಿಸುವಂತೆ, ಸ ಅಥವಾ ಸೌಫ ಎಂಬುದು, ವರ್ತಮಾನ ಭವಿಷ್ಯಗಳೆರಡಕ್ಕೂ ಸಲ್ಲುವ ಈ ರೂಪವನ್ನು ಭವಿಷ್ಯಕ್ಕೆ ಕಟ್ಟಿಹಾಕುತ್ತದೆ. ನಡತೆಯಲ್ಲಿ ನಾಮವನ್ನು ಹೋಲುವುದರಿಂದ ನಾಮದ ಹಕ್ಕೂ ಅದಕ್ಕೆ ಬಂದಿದೆ. ಆದುದರಿಂದಲೇ ಅದರ ಹೆಸರು ಮುದಾರಿ, ಎಂದರೆ ಹೋಲುವಂಥದು. ಕಾಲವನ್ನು ಸೂಚಿಸದೆ ಸಾದೃಶ್ಯವನ್ನು ಸೂಚಿಸುವ ಈ ಹೆಸರನ್ನು ಇಂದಿಗೂ ಅರಬ್ಬೀ ಶಾಲೆಯ ಮಕ್ಕಳು ಬಾಯಿಪಾಠ ಹೇಳುತ್ತಾರೆ.

ಗುರುವಿನೊಡನೆ ಆತನ ಭಿನ್ನಾಭಿಪ್ರಾಯವೊಂದು ಇಲ್ಲಿಯೇ ಕಾಣುತ್ತದೆ. ಲನ್ ಎಂಬುದು ಲಾ, ಅನ್ ಎಂಬೆರಡು ಪದಗಳು ಕೂಡಿ ಆದದ್ದೆಂದು ಖಲೀಲನ ಮತ. ಹಾಗಾದರೆ, ಅನ್ ಎಂಬುದರ ಮುಂದಿನ ಕ್ರಿಯೆಗೆ ಸೇರಿದ ಕರ್ಮಪದವನ್ನು ಅದರ ಹಿಂದಕ್ಕೆ ಒಯ್ಯುವುದು ಸಲ್ಲದು. ಲನ್ ಇರುವ ವಾಕ್ಯದಲ್ಲಾದರೋ ಅರಬರು ಕರ್ಮವನ್ನು ಮೊದಲಿಗೆ ತಂದು ಆಡುತ್ತಾರೆ. ಆದ್ದರಿಂದ ಅದು ಒಂದೇ ಪದವೆಂದು ಶಿಷ್ಯನ ತೀರ್ಮಾನ. ಗೌರವವೂ ಕೆಡಲಿಲ್ಲ, ವಾದವೂ ಸಡಿಲಲಿಲ್ಲ.

ಖಲೀಲನು ತೀರಿಕೊಂಡ ಮೇಲೆ ಸೀಬವೈಹಿ ಬಾಗ್ದಾದಿಗೆ ಹೋದನು. ಖಲೀಫ ಹಾರೂನ್ ಅಲ್-ರಶೀದನ ಕಾಲ. ವಜೀರ ಯಹ್ಯಾ ಬರ್ಮಕಿಯ ಆಸ್ಥಾನ. ಅಲ್ಲಿ ಕೂಫಾ ಸಂಪ್ರದಾಯದ ಮುಖಂಡನಾದ ಕಿಸಾಯೀ ರಾಜಕುಮಾರರ ಗುರುವಾಗಿ ಬೇರುಬಿಟ್ಟಿದ್ದನು. ಇಬ್ಬರಿಗೂ ವಾದ ಏರ್ಪಟ್ಟಿತು. ಚೇಳಿನ ಕುಟುಕು ಕಣಜದ ಕುಟುಕಿಗಿಂತ ಘೋರವೆಂದು ಭಾವಿಸಿದ್ದೆ, ನೋಡಿದರೆ ಇದೂ ಅದೇ, ಎಂಬರ್ಥದ ಒಂದು ವಾಕ್ಯ. ಅದರ ಕೊನೆಯ ಸರ್ವನಾಮ ಪ್ರಥಮೆಯಲ್ಲಿರಬೇಕೋ, ದ್ವಿತೀಯೆಯೂ ಸಲ್ಲುವುದೋ ಎಂಬುದು ಪ್ರಶ್ನೆ. ಪ್ರಥಮೆಯೊಂದೇ ಎಂದನು ಸೀಬವೈಹಿ. ಎರಡೂ ಉಂಟೆಂದನು ಕಿಸಾಯೀ. ಬಾಗಿಲಲ್ಲಿದ್ದ ಬೆದುವಿನರನ್ನು ಸಾಕ್ಷಿಗೆ ಕರೆಸಿದರು. ಅವರು ಕಿಸಾಯೀಯ ಪಕ್ಷವೇ ಸರಿಯೆಂದರು. ಅವರಿಗೆ ಲಂಚ ಸಂದಿತ್ತೆಂದೂ, ಆ ದ್ವಿತೀಯಾ ರೂಪವನ್ನು ಅವರ ಬಾಯಲ್ಲೇ ನುಡಿಸಿ ನೋಡಿರೆಂದು ಸೀಬವೈಹಿ ಬೇಡಿಕೊಂಡನೆಂದೂ, ನಾಲಗೆ ಒಗ್ಗದೆ ಅವರು ನುಡಿಯಲಿಲ್ಲವೆಂದೂ ಬಸ್ರಾದ ಕಡೆಯವರು ಹೇಳಿಕೊಂಡು ಬಂದಿದ್ದಾರೆ. ಸೋತವರ ಕಡೆಯ ಕಥೆಯಾದುದರಿಂದ ಪೂರ್ತಿ ನಂಬಬೇಕಾಗಿಲ್ಲ. ಆದರೆ ಸೀಬವೈಹಿಗೆ ಮಾತಿನಲ್ಲಿ ತಡವರಿಕೆಯಿತ್ತು, ನಾಲಗೆಗಿಂತ ಲೇಖನಿಯೇ ಬಲವಾಗಿತ್ತು ಎಂಬ ಹೇಳಿಕೆಯನ್ನು ಇದರೊಡನೆ ಸೇರಿಸಿ ಓದಿದಾಗ, ತುಂಬಿದ ಸಭೆಯಲ್ಲಿ ಆತನು ನಿಂತಿದ್ದ ಬಗೆ ಕಣ್ಣಿಗೆ ಕಟ್ಟುತ್ತದೆ. ವಜೀರನು ಹತ್ತು ಸಾವಿರ ದಿರ್ಹಮ್ ಕೊಟ್ಟು ಕಳುಹಿಸಿದನಂತೆ. ಆತನು ಬಸ್ರಾಕ್ಕೆ ಮರಳಲಿಲ್ಲ. ಹುಟ್ಟುನಾಡಿನ ಕಡೆಗೆ ಹೊರಟು, ಸುಮಾರು 796ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡನು. ಆತನದೆಂದು ಹೇಳುವ ಗೋರಿ ಶೀರಾಜಿನಲ್ಲಿದೆ.

ಗ್ರಂಥಕ್ಕೆ ಹೆಸರಿಡಲೂ ಅವಕಾಶವಾಗಿರಲಿಲ್ಲ. ಪೀಠಿಕೆಯಿಲ್ಲ, ಉಪಸಂಹಾರವಿಲ್ಲ; ಐನೂರಕ್ಕೂ ಮಿಕ್ಕ ಅಧ್ಯಾಯಗಳು, ಸಾವಿರಕ್ಕೂ ಮಿಕ್ಕ ಪದ್ಯೋದಾಹರಣೆಗಳು. ಆತನಲ್ಲಿ ಕಲಿತ ಅಖ್ಫಶ್ ಎಂಬವನು ಅದನ್ನು ಪಾಠ ಹೇಳಿ ಉಳಿಸಿದನು. ಜನ ಅದನ್ನು ಬರಿಯ ಅಲ್-ಕಿತಾಬ್, ಎಂದರೆ ಪುಸ್ತಕ, ಎಂದು ಕರೆದರು. 1881ರಿಂದ 1889ರವರೆಗೆ ಪ್ಯಾರಿಸ್ಸಿನಲ್ಲಿ ದೆರೆನ್‌ಬೂರ್ ಅದನ್ನು ಅಚ್ಚುಮಾಡಿಸಿದ ಮೇಲೆ ಯೂರೋಪಿನ ಪಂಡಿತರಿಗೂ ಅದರ ಪರಿಚಯವಾಯಿತು.

ವರ್ತಮಾನ ಕ್ರಿಯೆಯ ವಿಷಯದಲ್ಲಿ ಆತನ ಮಾತೆಲ್ಲವೂ ನಿಂತಿತೆಂದಲ್ಲ. ಅವ್ಯಯವಿಲ್ಲದಾಗ ಯಕ್ತುಬು ಎಂಬಲ್ಲಿ ಉಕಾರವೇಕೆ ಎಂದರೆ, ನಾಮಪದ ನಿಲ್ಲಬಹುದಾದ ಸ್ಥಾನದಲ್ಲಿ ಅದು ನಿಂತಿರುವುದರಿಂದ, ಎಂಬುದು ಆತನ ಉತ್ತರ. ಕಿಸಾಯೀಯ ಶಿಷ್ಯ ಫರ್ರಾ ಇದನ್ನು ಒಪ್ಪಲಿಲ್ಲ. ಸ್ವರವನ್ನು ಬದಲಿಸುವ ಅವ್ಯಯಗಳು ಇಲ್ಲದಿರುವುದೇ ಸಾಕಾದ ಕಾರಣವೆಂದನು. ಹದಿಮೂರನೆಯ ಶತಮಾನದಲ್ಲಿ ಇಬ್ನ್ ಮಾಲಿಕ್ ತನ್ನ ಸಾವಿರ ಪದ್ಯಗಳ ವ್ಯಾಕರಣದಲ್ಲಿ ಹಿಡಿದದ್ದು ಫರ್ರಾನ ಮಾತನ್ನೇ. ಶಾಲೆಗಳಲ್ಲಿ ವಿದ್ಯಾರ್ಥಿಗಳು ಪದಚ್ಛೇದ ಮಾಡುವಾಗ ಹೇಳುವ ಕಾರಣವೂ ಅದೇ. ಆ ಕಿಸಾಯೀ ಮುಂದೆ ಅಖ್ಫಶನಿಗೆ ಹಣ ತೆತ್ತು ಅಲ್-ಕಿತಾಬನ್ನು ಗುಟ್ಟಾಗಿ ಓದಿಸಿಕೊಂಡನಂತೆ. ಫರ್ರಾ ಸತ್ತಾಗ ಆತನ ತಲೆದಿಂಬಿನ ಕೆಳಗೆ ಅದೇ ಪುಸ್ತಕ ಸಿಕ್ಕಿತೆಂದು ಹೇಳುತ್ತಾರೆ.