ಮೋಡಗಳಲ್ಲಿ ದಾರಿ ತಪ್ಪಿದ ಎಮಿ ಜಾನ್ಸನ್

ಇಂಗ್ಲೆಂಡಿನ ಹಲ್ ನಗರದ ಮೀನು ವ್ಯಾಪಾರಿಯೊಬ್ಬರ ಮಗಳಾಗಿ 1903ರ ಜುಲೈ 1ರಂದು ಜನಿಸಿದ ಎಮಿ ಜಾನ್ಸನ್, ಹಾರಾಟದ ಜೊತೆಗೆ ವಿಮಾನ ದುರಸ್ತಿಯನ್ನೂ ಕಲಿತವರು. 1929ರಲ್ಲಿ ಗ್ರೌಂಡ್ ಎಂಜಿನಿಯರ್ ಪರವಾನಗಿ ಪಡೆದ ಬ್ರಿಟನ್ನಿನ ಮೊದಲ ಮಹಿಳೆ ಎನಿಸಿದರು. 1930ರ ಮೇ 5ರಂದು ಲಂಡನ್ ಬಳಿಯ ಕ್ರಾಯ್ಡನ್‌ನಿಂದ ಪುಟ್ಟ ಜಿಪ್ಸಿ ಮಾತ್ ವಿಮಾನದಲ್ಲಿ ಏಕಾಂಗಿಯಾಗಿ ಹೊರಟು, ಕರಾಚಿ, ಝಾನ್ಸಿ, ಕಲ್ಕತ್ತ ಮಾರ್ಗವಾಗಿ ಮೇ 24ರಂದು ಆಸ್ಟ್ರೇಲಿಯಾದ ಡಾರ್ವಿನ್ ತಲುಪಿದರು. ಈ ಸಾಧನೆ ಅವರನ್ನು ವಿಶ್ವವಿಖ್ಯಾತರನ್ನಾಗಿಸಿತು.

ಎರಡನೇ ಮಹಾಯುದ್ಧದ ವೇಳೆ, 1940ರಲ್ಲಿ ಅವರು ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ ಎಂಬ ನಾಗರಿಕ ಪೈಲಟ್‌ಗಳ ಪಡೆ ಸೇರಿದರು. ಕಾರ್ಖಾನೆಗಳಿಂದ ವಾಯುನೆಲೆಗಳಿಗೆ ವಿಮಾನ ಸಾಗಿಸುವುದು ಈ ಪಡೆಯ ಹೊಣೆಯಾಗಿತ್ತು. ರೇಡಿಯೋ ನೆರವಿಲ್ಲದ ಈ ಹಾರಾಟದಲ್ಲಿ, ನೆಲ ಕಾಣುವಂತೆ ಮೋಡಗಳ ಕೆಳಗೇ ಸಾಗಬೇಕೆಂಬುದು ಮುಖ್ಯ ಸುರಕ್ಷತಾ ನಿಯಮ. ಹವಾಮಾನ ನೋಡಿ ಹೊರಡುವ ಅಥವಾ ತಡೆಯುವ ತೀರ್ಮಾನ ಪೈಲಟ್‌ನದೇ ಆಗಿತ್ತು.

1941ರ ಜನವರಿ 5ರಂದು ಹವಾಮಾನ ಹದಗೆಟ್ಟಿದ್ದರೂ ಎಮಿ ಬ್ಲ್ಯಾಕ್‌ಪೂಲ್‌ನಿಂದ ಹೊರಟರು. ಆಕ್ಸ್‌ಫರ್ಡ್ ಸಮೀಪದ ನೆಲೆ ಸೇರಬೇಕಿದ್ದ ಅವರು ದಾರಿ ತಪ್ಪಿ, ಥೇಮ್ಸ್ ನದಿಯ ಅಳಿವೆಯ ಕೊರೆಯುವ ನೀರಿಗೆ ಪ್ಯಾರಾಚೂಟ್ ಮೂಲಕ ಇಳಿದರು. ರಕ್ಷಣೆಗೆ ಧುಮುಕಿದ ನೌಕಾಧಿಕಾರಿ ವಾಲ್ಟರ್ ಫ್ಲೆಚರ್ ಕೂಡ ಅಸುನೀಗಿದರು. ಎಮಿ ಅವರ ಪಾರ್ಥಿವ ಶರೀರ ಪತ್ತೆಯಾಗಲೇ ಇಲ್ಲ. ಎಷ್ಟೇ ಅನುಭವವಿದ್ದರೂ, ಹಾರಾಟದ ಸುರಕ್ಷತೆ ನೆಲದ ಮೇಲಿನ ತೀರ್ಮಾನದಿಂದಲೇ ಆರಂಭವಾಗುತ್ತದೆ ಎಂಬುದನ್ನು ಈ ದುರಂತ ಇಂದಿಗೂ ನೆನಪಿಸುತ್ತದೆ.