ಪಲ್ವಾಂಕರ್ ಬಾಲೂ

ಪಲ್ವಾಂಕರ್ ಬಾಲೂ (೧೯ ಮಾರ್ಚ್ ೧೮೭೬ – ೪ ಜುಲೈ ೧೯೫೫) ಧಾರವಾಡದಲ್ಲಿ ಜನಿಸಿದ ಕ್ರಿಕೆಟ್ ಆಟಗಾರರು. ನಿಧಾನಗತಿಯ ಎಡಗೈ ಬೌಲರ್ ಆಗಿದ್ದ ಇವರು, ಭಾರತದಲ್ಲಿ ಕ್ರಿಕೆಟ್ ಆಟವು ಬೇರೂರುತ್ತಿದ್ದ ಕಾಲದ ಅತ್ಯಂತ ಸಮರ್ಥ ಬೌಲರ್ ಎಂದು ಪರಿಗಣಿತರಾಗಿದ್ದಾರೆ. ಅಸ್ಪೃಶ್ಯರೆಂದು ಕರೆಯಲ್ಪಡುತ್ತಿದ್ದ ಸಮುದಾಯದಿಂದ ಬಂದು ಉನ್ನತ ದರ್ಜೆಯ ಕ್ರಿಕೆಟ್ಟಿನಲ್ಲಿ ಹೆಸರು ಮಾಡಿದ ಮೊದಲಿಗರೂ ಇವರೇ. ೧೯೧೧ರಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಅಖಿಲ ಭಾರತ ತಂಡದ ಪ್ರಮುಖ ಆಟಗಾರರಾಗಿದ್ದರು. ಪ್ರತಿಭೆಯನ್ನು ಗುರುತಿಸುವುದು, ತಂಡಕ್ಕೆ ಸೇರಿಸಿಕೊಳ್ಳುವುದು, ನಾಯಕನನ್ನಾಗಿ ಮಾಡುವುದು ಈ ಮೂರೂ ಬೇರೆಬೇರೆ ಸಂಗತಿಗಳೆಂಬುದಕ್ಕೆ ಇವರ ಜೀವನದಷ್ಟು ಸ್ಪಷ್ಟವಾದ ಉದಾಹರಣೆ ನಮ್ಮ ಕ್ರೀಡಾ ಇತಿಹಾಸದಲ್ಲಿ ವಿರಳ.

ಜನನ ಮತ್ತು ಬಾಲ್ಯ

ಬಾಲೂ ಅವರ ಕುಟುಂಬವು ಚರ್ಮಕಾರ ಸಮುದಾಯಕ್ಕೆ ಸೇರಿದ್ದು. ಕೊಂಕಣದ ಪಾಲ್ವಣ ಗ್ರಾಮ ಇವರ ಪೂರ್ವಜರ ಊರು. ಅಡ್ಡಹೆಸರು ಬಂದದ್ದು ಅದರಿಂದಲೇ. ಇವರು ಹುಟ್ಟಿದಾಗ ಧಾರವಾಡವು ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು. ತಂದೆ ಸೈನ್ಯದಲ್ಲಿ ಕೆಲಸ ಮಾಡುತ್ತಿದ್ದುದರಿಂದ ಬಾಲ್ಯದ ಹೆಚ್ಚಿನ ಭಾಗ ಪುಣೆಯಲ್ಲಿ ಕಳೆಯಿತು. ಅಲ್ಲಿ ಸೈನ್ಯದ ಅಧಿಕಾರಿಗಳು ಬಿಟ್ಟುಹೋದ ಹಳೆಯ ಚೆಂಡು, ದಾಂಡುಗಳಿಂದ ಬಾಲೂ ಮತ್ತು ಅವರ ತಮ್ಮ ಶಿವರಾಮ್ ಆಟ ಕಲಿತರು. ಕಿರಿಯ ಸಹೋದರರಾದ ಗಣಪತ್ ಮತ್ತು ವಿಠ್ಠಲ್ ಕೂಡ ಮುಂದೆ ಕ್ರಿಕೆಟ್ ಆಟಗಾರರಾದರು.

ಪುಣೆಯ ದಿನಗಳು

ಬಾಲೂ ಅವರ ಮೊದಲ ಕೆಲಸ ಪುಣೆಯ ಪಾರ್ಸಿ ಕ್ರಿಕೆಟ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವುದು. ಪಿಚ್ ಗುಡಿಸಿ, ರೋಲರ್ ಎಳೆದು, ಆಗಾಗ ಸದಸ್ಯರಿಗೆ ಚೆಂಡೆಸೆಯುವುದಕ್ಕೆ ತಿಂಗಳಿಗೆ ೩ ರೂಪಾಯಿ ಸಂಬಳ. ೧೮೯೨ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಬಂದಾಗ ಅದು ೪ ರೂಪಾಯಿಗೆ ಏರಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಅವರ ಮೊದಲ ವರ್ಗಾವಣೆ. ಆದರೆ ವರ್ಗಾವಣೆಯಾದದ್ದು ಆಟಗಾರನಲ್ಲ, ಮೈದಾನದ ಆಳು.

ಪೂನಾ ಕ್ಲಬ್ಬಿನಲ್ಲಿ ಅಭ್ಯಾಸಕ್ಕಾಗಿ ಬೌಲ್ ಮಾಡಲು ಅವರಿಗೆ ಅವಕಾಶ ದೊರೆಯಿತು. ಅಲ್ಲಿಗೆ ಬರುತ್ತಿದ್ದ ಕ್ಯಾಪ್ಟನ್ ಜೆ. ಜಿ. ಗ್ರೆಗ್ ಆ ಕಾಲದ ಯುರೋಪಿಯನ್ನರ ತಂಡದ ಶ್ರೇಷ್ಠ ಬ್ಯಾಟ್ಸ್‌ಮನ್. ಇತರರಿಗಿಂತ ಮೊದಲೇ ಮೈದಾನಕ್ಕೆ ಬಂದು ಅವರು ಬಾಲೂ ಅವರ ಬೌಲಿಂಗ್ ಎದುರಿಸುತ್ತಿದ್ದರು. ತನ್ನನ್ನು ಔಟ್ ಮಾಡಿದಾಗಲೆಲ್ಲ ಗ್ರೆಗ್ ಎಂಟಾಣೆ ಕೊಡುತ್ತಿದ್ದರೆಂಬ ಪ್ರತೀತಿ ಇದೆ. ಗಂಟೆಗಟ್ಟಲೆ ನಡೆದ ಈ ಅಭ್ಯಾಸದಿಂದ ಬಾಲೂ ಅವರಿಗೆ ಚೆಂಡಿನ ತಿರುವು, ಎತ್ತರ ಮತ್ತು ನಿಖರತೆಯ ಮೇಲೆ ಅಪೂರ್ವ ಹಿಡಿತ ಬಂದಿತು. ಆದರೆ ಅಲ್ಲಿ ಬ್ಯಾಟ್ ಹಿಡಿಯುವ ಅವಕಾಶ ಅವರಿಗೆ ಸಿಗಲಿಲ್ಲ. ಬ್ಯಾಟಿಂಗ್ ಪ್ರಭುಗಳದ್ದು, ಬೌಲಿಂಗ್ ಸೇವಕರದ್ದು ಎಂಬ ಭಾವನೆ ಆಗ ಇಂಗ್ಲೆಂಡಿನಲ್ಲೂ ಇತ್ತು.

ಬಾಲೂ ಅವರ ಕೀರ್ತಿ ಹರಡಿದಂತೆ ಪುಣೆಯ ಹಿಂದೂ ಕ್ಲಬ್ಬಿಗೆ ಒಂದು ಸಂದಿಗ್ಧ ಎದುರಾಯಿತು. ಯುರೋಪಿಯನ್ನರನ್ನು ಸೋಲಿಸಬೇಕೆಂಬುದು ಅದರ ಹಂಬಲ. ಅದಕ್ಕೆ ಬೇಕಾದ ಬೌಲರ್ ಕಣ್ಣೆದುರಿಗೇ ಇದ್ದಾನೆ. ಆದರೆ ಆತನ ಜಾತಿ ಅಡ್ಡಬರುತ್ತದೆ. ಕೆಲವು ಸದಸ್ಯರು ಸೇರಿಸಿಕೊಳ್ಳಬೇಕೆಂದೂ ಕೆಲವರು ಕೂಡದೆಂದೂ ವಾದಿಸಿದರು. ಇಂಥ ಬೌಲರನನ್ನು ಬಿಟ್ಟುಕೊಡುವುದು ಹಿಂದೂಗಳ ಮೂರ್ಖತನವಾದೀತೆಂದು ಗ್ರೆಗ್ ಬಹಿರಂಗವಾಗಿಯೇ ಅಭಿಪ್ರಾಯಪಟ್ಟರು. ಕೊನೆಗೆ ಗೆಲುವಿನ ಆಸೆಯೇ ಮೇಲುಗೈ ಪಡೆದು ಬಾಲೂ ತಂಡಕ್ಕೆ ಸೇರ್ಪಡೆಯಾದರು.

ಸೇರ್ಪಡೆಯೆಂಬುದು ಬೌಂಡರಿ ಗೆರೆಯೊಳಗೆ ಮಾತ್ರ. ಮೈದಾನದಲ್ಲಿ ಎಲ್ಲರೂ ಮುಟ್ಟುವ ಚೆಂಡನ್ನೇ ಅವರೂ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಇತರರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಕುಡಿದರೆ, ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡಲಾಗುತ್ತಿತ್ತು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ತಂಡವು ಪುಣೆ ಮತ್ತು ಸಾತಾರಾಗಳಲ್ಲಿ ಯುರೋಪಿಯನ್ನರ ಮೇಲೆ ಜಯ ಗಳಿಸಿದ ಬಳಿಕ ಈ ಕಟ್ಟುಪಾಡು ಕ್ರಮೇಣ ಸಡಿಲಗೊಂಡಿತು. ಸಾರ್ವಜನಿಕ ಸಮಾರಂಭದಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಬಾಲೂ ಅವರಿಗೆ ಮಾಲೆ ಹಾಕಿ ಗೌರವಿಸಿದರು.

ಮುಂಬಯಿ ಮತ್ತು ಹಿಂದೂ ತಂಡ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ಬಾಲೂ ಮುಂಬಯಿಗೆ ಬಂದರು. ಕೆಲಕಾಲ ಸೈನ್ಯದಲ್ಲಿದ್ದು, ಬಳಿಕ ರೈಲ್ವೆ ಕಂಪನಿಯ ಉದ್ಯೋಗ ಹಿಡಿದು ಅದರ ತಂಡಕ್ಕೂ ಆಡಿದರು. ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾಕ್ಕೆ ಅವರನ್ನು ಸೇರಿಸಿಕೊಳ್ಳುವಾಗ ಅಲ್ಲಿಯೂ ವಿರೋಧ ಎದ್ದಿತ್ತು. ಅದನ್ನು ಮೀರಿ ಸೇರಿಸಿಕೊಳ್ಳಲಾಯಿತು.

ಆಗಿನ ಆಯ್ಕೆಯ ಪದ್ಧತಿಯನ್ನು ವಿದ್ಯಾರ್ಥಿಗಳು ತಿಳಿದಿರುವುದು ಅಗತ್ಯ. ಇಂದಿನ ಐಪಿಎಲ್ ಹರಾಜಿನಲ್ಲಿ ಆಟಗಾರನ ಬೆಲೆ ಬಹಿರಂಗವಾಗಿ ನಿಗದಿಯಾಗುತ್ತದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ೧೯೬೫ರಿಂದ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಬಾಲೂ ಅವರ ಕಾಲದಲ್ಲಿ ಆಟಗಾರನ ತಂಡವನ್ನು ನಿರ್ಧರಿಸುತ್ತಿದ್ದುದು ಹುಟ್ಟು. ಮುಂಬಯಿಯ ಪ್ರಮುಖ ಪಂದ್ಯಾವಳಿಯಲ್ಲಿ ಮೊದಲು ಯುರೋಪಿಯನ್ನರು ಮತ್ತು ಪಾರ್ಸಿಗಳು, ೧೯೦೭ರಿಂದ ಹಿಂದೂಗಳು, ೧೯೧೨ರಿಂದ ಮುಸ್ಲಿಮರು ಪ್ರತ್ಯೇಕ ತಂಡಗಳಾಗಿ ಆಡಿದರು. ಹಿಂದೂ ತಂಡದಲ್ಲಿ ಯಾರು ಹಿಂದೂ, ಎಷ್ಟರಮಟ್ಟಿಗೆ ಹಿಂದೂ ಎಂಬ ಪ್ರಶ್ನೆಯನ್ನು ಬಾಲೂ ತಮ್ಮ ಇರುವಿಕೆಯಿಂದಲೇ ಎತ್ತಿದರು.

೧೯೦೬ರ ಫೆಬ್ರವರಿಯಲ್ಲಿ ಹಿಂದೂಗಳು ಮುಂಬಯಿಯಲ್ಲಿ ಯುರೋಪಿಯನ್ನರನ್ನು ಎದುರಿಸಿದರು. ಹಿಂದೂಗಳು ೨೪೨ ಮತ್ತು ೧೬೦ ರನ್ ಗಳಿಸಿದರೆ, ಯುರೋಪಿಯನ್ನರು ೧೯೧ ಮತ್ತು ೧೦೨ಕ್ಕೆ ಔಟಾದರು. ೧೦೯ ರನ್ನುಗಳ ಈ ಜಯದಲ್ಲಿ ಬಾಲೂ ಎರಡು ಇನ್ನಿಂಗ್ಸ್‌ಗಳಿಂದ ೮ ವಿಕೆಟ್ ಪಡೆದರು. ತಮ್ಮ ಶಿವರಾಮ್ ಕೂಡ ತಂಡದಲ್ಲಿದ್ದರು. ರಷ್ಯಾದ ಮೇಲೆ ಜಪಾನ್ ಗೆದ್ದ ಮರುವರ್ಷವೇ ಬಂದ ಈ ಗೆಲುವು ದೇಶಾಭಿಮಾನಿಗಳಿಗೆ ಅಪಾರ ಉತ್ಸಾಹ ನೀಡಿತು. ಅಸ್ಪೃಶ್ಯರನ್ನು ದೂರವಿಟ್ಟಿದ್ದರೆ ಈ ಜಯ ಸಿಗುತ್ತಿರಲಿಲ್ಲವೆಂದು ಸಮಾಜ ಸುಧಾರಕರು ಬೊಟ್ಟುಮಾಡಿ ತೋರಿಸಿದರು.

೧೯೧೧ರ ಇಂಗ್ಲೆಂಡ್ ಪ್ರವಾಸ

ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ ಪಾರ್ಸಿ, ಹಿಂದೂ, ಮುಸ್ಲಿಂ ಆಟಗಾರರಿದ್ದರು. ಹಿಂದೂ ಆಟಗಾರರಲ್ಲಿ ಬಾಲೂ, ಶಿವರಾಮ್, ಮುಕುಂದ ಪೈ, ಬೆಂಗಳೂರಿನ ಬಿ. ಜಯರಾಮ್ ಮೊದಲಾದವರು ಸೇರಿದ್ದರು. ಧಾರವಾಡದಲ್ಲಿ ಹುಟ್ಟಿದವರೊಬ್ಬರು, ಬೆಂಗಳೂರಿನವರೊಬ್ಬರು ಈ ತಂಡದಲ್ಲಿದ್ದರೆಂಬುದು ಕನ್ನಡಿಗರು ನೆನಪಿಡತಕ್ಕ ವಿಷಯ.

ತಂಡದ ಸಾಧನೆ ಒಟ್ಟಿನಲ್ಲಿ ನೀರಸ. ಆಡಿದ ೨೩ ಪಂದ್ಯಗಳಲ್ಲಿ ೬ ಗೆಲುವು, ೧೫ ಸೋಲು. ಮಹಾರಾಜರು ಕೆಲವೇ ಪಂದ್ಯ ಆಡಿ, ಲಂಡನ್ನಿನ ಔತಣಕೂಟಗಳಿಗೆ ಹೆಚ್ಚು ಸಮಯ ಕೊಟ್ಟರು. ಬಾಲೂ ಮಾತ್ರ ಭುಜದ ನೋವಿನಿಂದ ಬಳಲುತ್ತಿದ್ದರೂ ಒಂದರ ಮೇಲೊಂದು ಪಂದ್ಯದಲ್ಲಿ ದಿನವಿಡೀ ಬೌಲ್ ಮಾಡಿದರು. ಪ್ರವಾಸದಲ್ಲಿ ಅವರು ಪಡೆದ ಒಟ್ಟು ವಿಕೆಟ್‌ಗಳು ೧೧೪; ಇವುಗಳಲ್ಲಿ ೭೫ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಂದವು. ಲೀಸ್ಟರ್‌ಷೈರ್ ಮೇಲಿನ ಗೆಲುವಿನಲ್ಲಿ ಅವರ ಪಾತ್ರ ಪ್ರಧಾನವಾಗಿತ್ತು. ಸಾಮರ್ಸೆಟ್ ವಿರುದ್ಧ ಒಂದು ವಿಕೆಟ್ಟಿನಿಂದ ಗೆದ್ದ ಪಂದ್ಯದಲ್ಲಿ ಶಿವರಾಮ್ ಶತಕ ಬಾರಿಸಿದರು. ಆಗ ಬಾಲೂ ಅವರ ವಯಸ್ಸು ೩೫. ಹತ್ತು ವರ್ಷ ಮೊದಲೇ ಆ ತೇವದ ಪಿಚ್‌ಗಳ ಮೇಲೆ ಆಡುವ ಅವಕಾಶ ದೊರೆತಿದ್ದರೆ ಏನಾಗುತ್ತಿತ್ತೆಂದು ಯೋಚಿಸದಿರಲು ಸಾಧ್ಯವಿಲ್ಲ.

ಮುಂಬಯಿಗೆ ಹಿಂದಿರುಗಿದಾಗ ಶೋಷಿತ ಸಮುದಾಯದವರು ಅವರಿಗೆ ಸನ್ಮಾನ ಏರ್ಪಡಿಸಿದರು. ಆ ಸಂದರ್ಭದ ಮಾನಪತ್ರದ ಹಿಂದೆ ಆಗ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಇದ್ದರೆಂದು ಹೇಳಲಾಗುತ್ತದೆ.

ನಾಯಕತ್ವದ ಪ್ರಶ್ನೆ

ಹಿಂದೂ ತಂಡದಲ್ಲಿ ಅನುಭವದಲ್ಲಿಯೂ ಸಾಧನೆಯಲ್ಲಿಯೂ ಬಾಲೂ ಅವರಿಗೆ ಸಮಾನರಾದವರು ಇರಲಿಲ್ಲ. ಹಾಗಿದ್ದೂ ವರ್ಷವರ್ಷವೂ ನಾಯಕತ್ವ ಮೇಲ್ಜಾತಿಯ ಆಟಗಾರರಿಗೇ ಹೋಗುತ್ತಿತ್ತು. ನಾಯಕರಾದ ಮುಕುಂದ ಪೈ ಅವರೇ ೧೯೧೩ರಲ್ಲಿ, ಈ ಗೌರವ ಹಿರಿಯರಾದ ಬಾಲೂ ಅವರಿಗೆ ಸಲ್ಲಬೇಕಿತ್ತೆಂದು ಸಾರ್ವಜನಿಕವಾಗಿ ಹೇಳಿದರು. ಆಯ್ಕೆದಾರರು ಕೇಳಲಿಲ್ಲ.

೧೯೨೦ರಲ್ಲಿ ಬಿಕ್ಕಟ್ಟು ತೀವ್ರವಾಯಿತು. ಆ ವರ್ಷದ ಮೊದಲ ಪಂದ್ಯಕ್ಕೆ ಬಾಲೂ ಅವರನ್ನು ಕೈಬಿಡಲಾಯಿತು. ೪೪ ವರ್ಷದ ಬೌಲರನನ್ನು ಕೈಬಿಡುವುದಕ್ಕೆ ಆಟದ ದೃಷ್ಟಿಯಿಂದ ಕಾರಣ ಕೊಡಬಹುದಿತ್ತೇನೋ. ಆದರೆ ಪೈ ಅಸ್ವಸ್ಥರಾಗಿದ್ದಾಗ, ವಿಠ್ಠಲ್ ಮತ್ತು ಶಿವರಾಮ್ ಅವರಂಥ ಹಿರಿಯರನ್ನು ದಾಟಿ ಕಿರಿಯರಾದ ಡಿ. ಬಿ. ದೇವಧರ್ ಅವರನ್ನು ನಾಯಕರನ್ನಾಗಿ ಮಾಡಿದ್ದಕ್ಕೆ ಅಂಥ ಕಾರಣವಿರಲಿಲ್ಲ. ದೇವಧರ್ ಉತ್ತಮ ಆಟಗಾರರು, ಮುಂದೆ ದೇಶದಲ್ಲೇ ಪ್ರಸಿದ್ಧರಾದವರು. ತಪ್ಪು ಅವರದ್ದಲ್ಲ, ಆರಿಸಿದವರದ್ದು. ಸಹೋದರರಿಬ್ಬರೂ ಪ್ರತಿಭಟಿಸಿ ತಂಡದಿಂದ ಹಿಂದೆ ಸರಿದು ಪತ್ರಿಕಾ ಹೇಳಿಕೆ ನೀಡಿದರು. ಪತ್ರಿಕೆಗಳಲ್ಲಿಯೂ ಜನರಲ್ಲಿಯೂ ಅವರ ಪರ ಸಹಾನುಭೂತಿ ವ್ಯಕ್ತವಾಯಿತು. ಮುಂದಿನ ಪಂದ್ಯಕ್ಕೆ ಪೈ ಮರಳಿದರು, ಸಹೋದರರೂ ಮರಳಿದರು, ಬಾಲೂ ಉಪನಾಯಕರಾದರು. ಪೈ ಬೇಕೆಂದೇ ಸ್ವಲ್ಪ ಹೊತ್ತು ಮೈದಾನದಿಂದ ಹೊರಗುಳಿದು ಬಾಲೂ ತಂಡವನ್ನು ನಡೆಸುವಂತೆ ಮಾಡಿದರು. ಬಾಲೂ ಅವರಿಗೆ ದಕ್ಕಿದ ನಾಯಕತ್ವ ಅಷ್ಟೇ.

ಗಾಂಧೀಜಿಯವರ ಅಸ್ಪೃಶ್ಯತಾ ವಿರೋಧಿ ಪ್ರಚಾರದಿಂದ ವಾತಾವರಣ ಬದಲಾಗುತ್ತಿದ್ದ ಕಾಲದಲ್ಲಿ, ೧೯೨೩ರಲ್ಲಿ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕರಾದರು. ಆ ವರ್ಷ ತಂಡವು ಪಂದ್ಯಾವಳಿಯನ್ನು ಗೆದ್ದಿತು. ಹೋಲಿಕೆಗಾಗಿ ಹೇಳುವುದಾದರೆ, ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗುಗಳಲ್ಲಿ ಕಪ್ಪು ಜನಾಂಗದ ಆಟಗಾರರಿಗಿದ್ದ ದೀರ್ಘಕಾಲದ ತಡೆಯನ್ನು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಜಾಕಿ ರಾಬಿನ್ಸನ್ ಮುರಿದದ್ದು ೧೯೪೭ರಲ್ಲಿ.

ರಾಜಕೀಯ

ನಿವೃತ್ತಿಯ ನಂತರ ಬಾಲೂ ಸಾರ್ವಜನಿಕ ಜೀವನದಲ್ಲಿ ತೊಡಗಿದರು. ಶೋಷಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬ ಅಂಬೇಡ್ಕರ್ ಅವರ ನಿಲುವನ್ನು ಒಪ್ಪದೆ ಎಂ. ಸಿ. ರಾಜಾ ಅವರೊಡನೆ ನಿಂತರು. ೧೯೩೨ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಇವರೂ ಒಬ್ಬರು. ೧೯೩೭ರ ಮುಂಬಯಿ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರ್ ಅವರ ವಿರುದ್ಧವೇ ಸ್ಪರ್ಧಿಸಿದರು. ಅಂಬೇಡ್ಕರ್ ೧೩,೨೪೫ ಮತ ಪಡೆದು ಗೆದ್ದರು. ಬಾಲೂ ಅವರಿಗೆ ೧೧,೨೨೫ ಮತ ಬಂದವು.

ಅಂಕಿಅಂಶ ಮತ್ತು ನಿಧನ

ಪ್ರಥಮ ದರ್ಜೆಯ ೩೩ ಪಂದ್ಯಗಳಲ್ಲಿ ಬಾಲೂ ೧೫.೨೧ರ ಸರಾಸರಿಯಲ್ಲಿ ೧೭೯ ವಿಕೆಟ್ ಪಡೆದರು. ಬ್ಯಾಟಿಂಗ್‌ನಲ್ಲಿ ೭೫ರ ಗರಿಷ್ಠದೊಂದಿಗೆ ೭೫೩ ರನ್ ಗಳಿಸಿದರು. ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು ೧೯೩೨ರಲ್ಲಾದ್ದರಿಂದ ಅವರ ಹೆಸರು ಟೆಸ್ಟ್ ಆಟಗಾರರ ಪಟ್ಟಿಯಲ್ಲಿಲ್ಲ. ಅವರು ೪ ಜುಲೈ ೧೯೫೫ರಂದು ಮುಂಬಯಿಯಲ್ಲಿ ನಿಧನರಾದರು. ವಿಠ್ಠಲ್ ಅವರು ಮರಾಠಿಯಲ್ಲಿ ಬರೆದ ಆತ್ಮಕಥೆ ೧೯೪೮ರಲ್ಲಿ ಪ್ರಕಟವಾಗಿತ್ತು. ಆದರೂ ಬಹುಕಾಲ ಮರೆಯಾಗಿದ್ದ ಈ ಕುಟುಂಬದ ಕಥೆಯನ್ನು ಇತಿಹಾಸಕಾರ ರಾಮಚಂದ್ರ ಗುಹಾ ೨೦೦೨ರ ತಮ್ಮ ಕ್ರಿಕೆಟ್ ಇತಿಹಾಸ ಗ್ರಂಥದಲ್ಲಿ ವಿಸ್ತಾರವಾಗಿ ಬರೆದರು.