ಡಾಕ್ಟರ್ ಇಗ್ನಾಜ್ ಸೆಮ್ಮೆಲ್‌ವೈಸ್

ಹಂಗೆರಿ ದೇಶದ ಬೂಡಾ ಪಟ್ಟಣದಲ್ಲಿ 1818ನೆಯ ಇಸವಿ ಜುಲೈ 1ರಂದು ಒಬ್ಬ ದಿನಸಿ ವರ್ತಕನಿಗೆ ಮಗನಾಗಿ ಇಗ್ನಾಜ್ ಸೆಮ್ಮೆಲ್‌ವೈಸನು ಜನಿಸಿದನು. ನ್ಯಾಯಶಾಸ್ತ್ರವನ್ನು ಓದಲೆಂದು ವಿಯೆನ್ನಾ ನಗರಕ್ಕೆ ಹೋದವನು ಅದನ್ನು ಬಿಟ್ಟು ವೈದ್ಯವಿದ್ಯೆಯನ್ನು ಹಿಡಿದು, 1846ರಲ್ಲಿ ಅಲ್ಲಿಯ ದೊಡ್ಡ ಆಸ್ಪತ್ರೆಯ ಪ್ರಸೂತಿಶಾಲೆಯಲ್ಲಿ ಸಹಾಯಕನಾದನು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರೂ ವೈದ್ಯರೂ ಆಗಿರುವವರು ಮುಂದಿನ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಕೋರಿಕೆ.

ಆ ಪ್ರಸೂತಿಶಾಲೆಯಲ್ಲಿ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಕಲಿಯುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ಸತ್ತರೆ, ಎರಡನೆಯದರಲ್ಲಿ 3ಕ್ಕಿಂತ ಕಡಿಮೆ. ಅಲ್ಲಿಗೆ ಬರುತ್ತಿದ್ದವರು ಬಡವರು. ಅನೇಕರು ಮದುವೆಯಾಗದ ತಾಯಂದಿರು. ಈ ಭೇದವನ್ನು ಅವರು ಚೆನ್ನಾಗಿ ಅರಿತಿದ್ದರು. ತಮ್ಮನ್ನು ಮೊದಲನೆಯ ವಿಭಾಗಕ್ಕೆ ಸೇರಿಸಬಾರದೆಂದು ಮೊಣಕಾಲೂರಿ ಬೇಡುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರು ಸಹ ಅಲ್ಲಿ ಹೆತ್ತವರಿಗಿಂತ ಕ್ಷೇಮವಾಗಿದ್ದರು! ಆದರೆ ಬಡ ಹೆಂಗಸರ ಮಾತನ್ನು ಸಾಕ್ಷ್ಯವೆಂದು ಎಣಿಸುವವರು ಯಾರು? ಪಂಡಿತರು ದೋಷವನ್ನು ಅವರ ಭಯದ ಮೇಲೆ, ಪುರುಷರ ಪರೀಕ್ಷೆಗೆ ಒಳಗಾದ ಅವರ ನಾಚಿಕೆಯ ಮೇಲೆ, ಕೆಟ್ಟ ಗಾಳಿಯ ಮೇಲೆ ಹೊರಿಸಿದರು. ವಿಚಾರಣಾ ಮಂಡಲಿಯೊಂದು ಪರದೇಶದ ವಿದ್ಯಾರ್ಥಿಗಳ ಒರಟುತನವೇ ಕಾರಣವೆಂದು ನಿರ್ಣಯಿಸಿ, ಅವರನ್ನು ಬಹುಮಟ್ಟಿಗೆ ಹೊರಗಿಟ್ಟಿತು. ತಮ್ಮ ಕೈಗಳನ್ನು ಮಾತ್ರ ಒಬ್ಬರೂ ನೋಡಿಕೊಳ್ಳಲಿಲ್ಲ.

ಸೆಮ್ಮೆಲ್‌ವೈಸನು ಒಂದೊಂದೇ ಕಾರಣವನ್ನು ಪರೀಕ್ಷಿಸಿದನು. ಸಾಯುವವರ ಬಳಿಗೆ ಪಾದ್ರಿಯು ಗಂಟೆ ಬಾರಿಸುತ್ತ ಹೋಗುವುದರಿಂದ ಭಯವಾಗುವುದೆಂದರು. ಗಂಟೆಯನ್ನು ನಿಲ್ಲಿಸಿದನು, ಫಲವಿಲ್ಲ. 1847ರಲ್ಲಿ ಆತನ ಮಿತ್ರನಾದ ಪ್ರೊಫೆಸರ್ ಕೊಲೆಟ್ಷ್ಕನು ಶವಪರೀಕ್ಷೆಯ ಕಾಲದಲ್ಲಿ ವಿದ್ಯಾರ್ಥಿಯ ಚಾಕು ಬೆರಳಿಗೆ ತಾಗಿ ಮೃತನಾದನು. ಆ ದೇಹದಲ್ಲಿ ಕಂಡ ಚಿಹ್ನೆಗಳು ಬಾಣಂತಿಜ್ವರದವೇ ಆಗಿದ್ದವು. ವೈದ್ಯರೂ ವಿದ್ಯಾರ್ಥಿಗಳೂ ಶವಗಳನ್ನು ಮುಟ್ಟಿದ ಕೈಗಳಿಂದಲೇ ಹೆರಿಗೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿರಲಿಲ್ಲ. ಮೇ ತಿಂಗಳ ನಡುವಿನಿಂದ ಎಲ್ಲರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಆತನು ವಿಧಿಸಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜೂನಿನಲ್ಲಿ ಸುಮಾರು 2ಕ್ಕೆ ಇಳಿಯಿತು.

ಇಷ್ಟಾದರೂ ದೊಡ್ಡ ವೈದ್ಯರು ಒಪ್ಪಲಿಲ್ಲ. ಸಭ್ಯರ ಕೈಗಳು ಕೊಲ್ಲುವುವೇ ಎಂಬುದು ಅವರ ಅಭಿಮಾನ. 1849ರಲ್ಲಿ ಆತನ ಹುದ್ದೆ ಮುಂದುವರಿಯಲಿಲ್ಲ. ಮರುವರ್ಷ ಪೆಷ್ಟಿಗೆ ಹಿಂದಿರುಗಿ, ಅಲ್ಲಿಯ ಆಸ್ಪತ್ರೆಯಲ್ಲಿಯೂ ಬಾಣಂತಿಯರನ್ನು ಉಳಿಸಿದನು. ಸತ್ಯವನ್ನು ಹೇಳಬೇಕಾದರೆ, ಆತನು ತನ್ನ ಗ್ರಂಥವನ್ನು 1861ರವರೆಗೂ ಪ್ರಕಟಿಸದೆ ತಡಮಾಡಿದನು. ಆಮೇಲೆ ವಿರೋಧಿಗಳಿಗೆ ಬರೆದ ಬಹಿರಂಗ ಪತ್ರಗಳು ಬಹು ಕಟುವಾಗಿದ್ದವು. ಆದರೆ ದಿನದಿನವೂ ಅನ್ಯಾಯವಾಗಿ ಸಾಯುವ ತಾಯಂದಿರನ್ನು ಬಲ್ಲವನು ಮೆಲ್ಲನೆ ಮಾತಾಡುವುದು ಸುಲಭವೇ?

1865ರಲ್ಲಿ ಚಿತ್ತಸ್ವಾಸ್ಥ್ಯ ಕೆಟ್ಟಿತೆಂದು ವಿಯೆನ್ನಾದ ಮಾನಸಿಕ ಚಿಕಿತ್ಸಾಲಯದಲ್ಲಿ ಆತನನ್ನು ಇರಿಸಿದರು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯವು ಕೀತು ರಕ್ತಕ್ಕೆ ನಂಜೇರಿ ತನ್ನ 47ನೆಯ ವಯಸ್ಸಿನಲ್ಲಿ ತೀರಿಕೊಂಡನು. 1879ರಲ್ಲಿ ಪ್ಯಾರಿಸಿನ ವೈದ್ಯಸಭೆಯಲ್ಲಿ ಪಾಶ್ಚರ್ ಮಹಾಶಯನು ಆ ಜ್ವರದ ಕ್ರಿಮಿಯನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದನು.